ಗೋಕರ್ಣ: ಹಾಡು ಹತ್ತಕ್ಕೆ ನಿಲ್ಲುತ್ತೆ, ಪ್ರವಾಸಿ ಒಂಬತ್ತಕ್ಕೆ ಬರ್ತಾನೆ, ಎಡವಟ್ಟಾಗ್ತಿರೋದು ಎಲ್ಲಿ?

ಗೋಕರ್ಣ: ಡಿಸೆಂಬರ್ ರಜೆ ಶುರುವಾದ್ರೆ ಕುಡ್ಲೆ ಮತ್ತು ಓಂ ಬೀಚ್‌ನಲ್ಲಿ ಪ್ರತಿ ವರ್ಷ ಕಾಣೋದು ಹೆಚ್ಚು ಕಡಿಮೆ ಒಂದೇ ದೃಶ್ಯ. ಬೆಂಗಳೂರಿಂದ ರಾತ್ರಿ ಬಸ್ ಹತ್ತಿದವರು ಬೆಳಿಗ್ಗೆ ಬಂದಿಳಿತಾರೆ. ರೂಮು ಹಿಡಿದು ಮಲಗ್ತಾರೆ. ಮಧ್ಯಾಹ್ನ ಸಮುದ್ರ, ಸಂಜೆ ಫೋಟೊ, ಆಮೇಲೆ ಸ್ನಾನ. ಎಂಟು ಗಂಟೆ ಮೇಲೆ ಫೋನ್ ತೆಗೆದು "ಹತ್ತಿರದ ರೆಸ್ಟೋರೆಂಟ್", "ಲೈವ್ ಮ್ಯೂಸಿಕ್" ಅಂತ ಹುಡುಕೋಕೆ ಶುರು ಮಾಡ್ತಾರೆ. ಒಂಬತ್ತಕ್ಕೆ ಶ್ಯಾಕ್ ಮುಟ್ಟುತ್ತಾರೆ. ಜನ ಜಾಸ್ತಿ ಇರೋದ್ರಿಂದ ಊಟ ಮೇಜಿಗೆ ಬರೋಕೆ ಮುಕ್ಕಾಲು ಗಂಟೆ. ತಟ್ಟೆ ಬರೋ ಹೊತ್ತಿಗೆ ಹತ್ತು ಗಂಟೆ. ಹಾಡೋ ಹುಡುಗ ಗಿಟಾರ್ ಚೀಲಕ್ಕೆ ತುಂಬ್ತಾ ಇರ್ತಾನೆ.

ಮರುದಿನ ಆ ಶ್ಯಾಕ್‌ನ ಗೂಗಲ್ ಪುಟದಲ್ಲಿ ಒಂದು ಸ್ಟಾರ್. "ಮ್ಯೂಸಿಕ್ ಇದೆ ಅಂದ್ರು, ಇರ್ಲಿಲ್ಲ" ಅನ್ನೋ ಅರ್ಥದ ಎರಡು ಸಾಲು.

ನೋಡೋಕೆ ಚಿಕ್ಕ ವಿಷಯ. ಆದ್ರೆ ಈ ಒಂದು ಸ್ಟಾರ್ ಮುಂದೆ ಎಲ್ಲೆಲ್ಲಿಗೆ ಹೋಗುತ್ತೆ ಅಂತ ನೋಡಿದ್ರೆ ಗೋಕರ್ಣದ ಇಡೀ ಸೀಸನ್ ವ್ಯಾಪಾರ ಅರ್ಥ ಆಗುತ್ತೆ. ಸ್ಟಾರ್ ಇಳಿದ್ರೆ ಮುಂದಿನ ವಾರದ ಗಿರಾಕಿ ಪಕ್ಕದ ಶ್ಯಾಕ್‌ಗೆ ಹೋಗ್ತಾನೆ. ಅದಕ್ಕೆ ಮಾಲೀಕನಿಗೆ ಹತ್ತರ ಮೇಲೂ ಸ್ಪೀಕರ್ ಇಡೋ ಆಸೆ ಹುಟ್ಟುತ್ತೆ. ಇಟ್ಟರೆ ಊರವರ ದೂರು, ಪೊಲೀಸರ ಜೀಪು, ನೋಟಿಸು. ಕೊನೆಗೆ "ಈ ತಲೆನೋವೇ ಬೇಡ" ಅಂತ ಹಾಡನ್ನೇ ಕೈಬಿಡೋರು ಒಂದು ಕಡೆ, ಕದ್ದುಮುಚ್ಚಿ ನಡೆಸೋರು ಇನ್ನೊಂದು ಕಡೆ. ಕಾನೂನು ಪಾಲಿಸಿ ಹತ್ತಕ್ಕೆ ನಿಲ್ಲಿಸಿದವನಿಗೇ ಕಮ್ಮಿ ಸ್ಟಾರ್ ಬೀಳೋದು ಇದರಲ್ಲಿರೋ ದೊಡ್ಡ ಅನ್ಯಾಯ.

ಕಾನೂನು ಏನು ಹೇಳುತ್ತೆ

ಹತ್ತು ಗಂಟೆ ಅನ್ನೋದು ಗೋಕರ್ಣ ಪೊಲೀಸರು ಮನಸ್ಸಿಗೆ ಬಂದಂತೆ ಮಾಡಿದ ನಿಯಮ ಅಲ್ಲ. ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು ಜಾರಿಗೆ ಬಂದಿದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವ ಹಾಗಿಲ್ಲ. 2010ರ ತಿದ್ದುಪಡಿ ಬಂದ ಮೇಲೆ ಸಂಗೀತ ವಾದ್ಯಗಳೂ ಇದರೊಳಗೆ ಸೇರಿಕೊಂಡವು. ಅಂದ್ರೆ "ನಾವು ಸ್ಪೀಕರ್ ಹಾಕಿಲ್ಲ, ಬರೀ ಡ್ರಮ್ ಬಾರಿಸ್ತಿದ್ದೀವಿ" ಅನ್ನೋ ಮಾತೂ ನಡೆಯಲ್ಲ. ಹಗಲು ಹೊತ್ತಲ್ಲಿ ಧ್ವನಿವರ್ಧಕ ಹಾಕೋಕೂ ಲಿಖಿತ ಅನುಮತಿ ಬೇಕು.

ವಿನಾಯಿತಿ ಇರೋದು ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗಗಳಿಗೆ. ಬಿದಿರಿನ ಕಂಬ, ಮಡ್ಲು ಹೊದಿಸಿದ ಮಾಡು, ಮೂರು ಕಡೆ ಗೋಡೆ ಇಲ್ಲದ ಶ್ಯಾಕ್‌ನ್ನು ಮುಚ್ಚಿದ ಜಾಗ ಅಂತ ಯಾರೂ ಒಪ್ಪಲ್ಲ. ರಾಜ್ಯ ಸರ್ಕಾರ ಬೇಕಿದ್ರೆ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾತ್ರಿ 12ರವರೆಗೆ ಅವಕಾಶ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ.

ಪ್ರವಾಸಿಗರ ತಲೆಯಲ್ಲಿ ಇರೋ ಲೆಕ್ಕ ಬೇರೆ. ಬೆಂಗಳೂರೂ ಸೇರಿ ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ಬಾರ್, ರೆಸ್ಟೋರೆಂಟ್‌ಗಳು ರಾತ್ರಿ 1ರವರೆಗೆ ತೆರೆದಿರಬಹುದು ಅಂತ 2024ರಲ್ಲಿ ಸರ್ಕಾರ ಆದೇಶ ಮಾಡಿತ್ತು. ಆ ಅಭ್ಯಾಸ ಇಟ್ಕೊಂಡೇ ಇಲ್ಲಿಗೂ ಬರ್ತಾರೆ. ಆದ್ರೆ ಗೋಕರ್ಣ ಮಹಾನಗರ ಪಾಲಿಕೆ ಅಲ್ಲ, ಕುಮಟಾ ತಾಲೂಕಿನ ಒಂದು ಕ್ಷೇತ್ರ. ಮಹಾಬಲೇಶ್ವರ ದೇವಸ್ಥಾನಕ್ಕೆ, ಪಿತೃಕಾರ್ಯಕ್ಕೆ ಅಂತ ಬರೋ ಜನ ಬೆಳಗಿನ ಜಾವವೇ ಎದ್ದು ಸಮುದ್ರ ಸ್ನಾನಕ್ಕೆ ಇಳಿತಾರೆ. ಮೀನುಗಾರರ ಕೇರಿಯಲ್ಲಿ ದೋಣಿ ನೂಕೋರು ಅದಕ್ಕಿಂತ ಮುಂಚೆ ಏಳ್ತಾರೆ. ರಾತ್ರಿ ಹನ್ನೆರಡರವರೆಗೆ ಬಾಸ್ ಬಡಿತಾ ಇದ್ರೆ ಇವರ ನಿದ್ದೆ ಹೋಗುತ್ತೆ. ಜಿಲ್ಲೆಯ ಕಡಲತೀರಗಳಲ್ಲಿ ಚಳಿಗಾಲದ ತಿಂಗಳುಗಳಲ್ಲೇ ಕಡಲಾಮೆಗಳು ಮೊಟ್ಟೆ ಇಡೋಕೆ ಮರಳಿಗೆ ಬರ್ತಾವೆ. ಅವಕ್ಕೂ ಕಣ್ಣಿಗೆ ರಾಚೋ ಲೈಟು ಆಗಿ ಬರಲ್ಲ.

ಪಿಯಾನೊ ಯಾಕಿಲ್ಲ, ಗಿಟಾರ್ ಯಾಕಿದೆ

ಹೊರದೇಶದ ಬೀಚ್ ಊರುಗಳಲ್ಲಿ ಪಿಯಾನೊ ಬಾರ್ ಅಂತ ಇರುತ್ತೆ. ಒಬ್ಬ ಪಿಯಾನೊ ಮುಂದೆ ಕೂತಿರ್ತಾನೆ, ಗಿರಾಕಿಗಳು ಚೀಟಿಯಲ್ಲಿ ಹಾಡಿನ ಹೆಸರು ಬರೆದು ಕೊಡ್ತಾರೆ, ಎಲ್ಲರೂ ಸೇರಿ ಹಾಡ್ತಾರೆ. ಪಕ್ಕದಲ್ಲಿ ಟಿಪ್ಸ್ ಹಾಕೋಕೆ ಒಂದು ಗಾಜಿನ ಜಾಡಿ. ಅಂಥದ್ದು ಇಲ್ಲೂ ಇದೆಯಾ ಅಂತ ಹುಡುಕೋ ಪ್ರವಾಸಿಗರು ಇದ್ದಾರೆ.

ಇಲ್ಲಿನ ಮರಳ ಮೇಲೆ ಪಿಯಾನೊ ಉಳಿಯೋದು ಕಷ್ಟ. ಅದರೊಳಗೆ ಸುಮಾರು 230 ತಂತಿ, ದೊಡ್ಡ ಮರದ ಹಲಗೆ. ಉಪ್ಪಿನ ಗಾಳಿಗೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತೆ, ತೇವಕ್ಕೆ ಮರ ಉಬ್ಬಿ ಶ್ರುತಿ ಕೆಡುತ್ತೆ. ಸಾಧಾರಣ ಪಿಯಾನೊನೂ 200 ಕೆಜಿ ಆಸುಪಾಸು ತೂಗುತ್ತೆ. ಕುಡ್ಲೆ ಮೆಟ್ಟಿಲಲ್ಲಿ ಅದನ್ನ ಹೊತ್ತು ಇಳಿಸಬೇಕು, ಮಳೆಗಾಲಕ್ಕೆ ಮುಂಚೆ ಮತ್ತೆ ಹತ್ತಿಸಬೇಕು. ಹಾಗಾಗಿ ಇಲ್ಲಿ ಇರೋದು ಗಿಟಾರ್, ಕೂತು ಬಾರಿಸೋ ಮರದ ಪೆಟ್ಟಿಗೆ, ಹೆಚ್ಚಂದ್ರೆ ಒಂದು ಕೀಬೋರ್ಡು.

ಕೆಲಸ ಮಾತ್ರ ಅದೇ. ಗಿರಾಕಿ ಕೇಳಿದ ಹಾಡು ಹಾಡಬೇಕು, ಮೇಜಿನವರನ್ನೂ ಹಾಡಿಸಬೇಕು. ನುಡಿಸೋರ ಗಳಿಕೆಗೆ ಸ್ಥಿರತೆ ಇಲ್ಲ. ಊಟ, ಮಲಗೋಕೆ ಜಾಗ, ಜೊತೆಗೆ ಸ್ವಲ್ಪ ದುಡ್ಡು ಅನ್ನೋ ಒಪ್ಪಂದದಲ್ಲಿ ನುಡಿಸೋರೂ ಇದ್ದಾರೆ. ಅಂಥವರಿಗೆ ಜಾಡಿಗೆ ಬೀಳೋ ಟಿಪ್ಸೇ ಮುಖ್ಯ. ಗಿರಾಕಿ ಒಂಬತ್ತೂವರೆಗೆ ಬಂದು ಕೂತ್ರೆ ಜಾಡಿಗೆ ಬೀಳೋದು ಅರ್ಧ ಗಂಟೆಯ ದುಡ್ಡು ಮಾತ್ರ. ಹಾಡು ಹತ್ತಕ್ಕೆ ನಿಂತಾಗ ಮೊದಲ ಪೆಟ್ಟು ಬೀಳೋದು ಮಾಲೀಕನಿಗಲ್ಲ, ಇವರಿಗೆ.

ಸ್ಟಾರ್ ಹೇಳದ ಸಂಗತಿಗಳು

ಫೋನಿನ ರೇಟಿಂಗ್ ಪೂರ್ತಿ ಸುಳ್ಳು ಅಂತ ಅಲ್ಲ. ಆದ್ರೆ ಬೀಚ್ ಊರಿನಲ್ಲಿ ಅದು ಹೇಳದೇ ಬಿಡೋ ಸಂಗತಿಗಳೇ ಜಾಸ್ತಿ.

ಮೊದಲನೇದು, ಅಡುಗೆಯವರು. ಶ್ಯಾಕ್‌ಗಳು ನಡೆಯೋದು ಸೀಸನ್‌ನಲ್ಲಿ. ಮಳೆಗಾಲಕ್ಕೆ ಮುಚ್ಚಿ, ಮಾಡು ಬಿಚ್ಚಿಟ್ಟು, ಮಳೆ ಮುಗಿದ ಮೇಲೆ ಮತ್ತೆ ಕಟ್ಟೋರು ತುಂಬಾ ಜನ. ಕಳೆದ ವರ್ಷ ಬಂದ 4.5 ಸ್ಟಾರ್ ಆ ವರ್ಷದ ಅಡುಗೆಯವನದ್ದು. ಈ ವರ್ಷ ಅವನು ಬೇರೆ ಊರಲ್ಲಿ ಇರಬಹುದು. ಹೆಸರು, ಬೋರ್ಡು ಮಾತ್ರ ಹಳೇದು. ಹಾಗಾಗಿ ಒಟ್ಟು ಸ್ಟಾರ್ ನೋಡೋದಕ್ಕಿಂತ ಕೊನೆಯ ಹದಿನೈದು ದಿನದಲ್ಲಿ ಬರೆದದ್ದು ಓದೋದು ಒಳ್ಳೇದು.

ಎರಡನೇದು, ದಾರಿ. ಮ್ಯಾಪ್‌ನಲ್ಲಿ ಕುಡ್ಲೆಯಿಂದ ಓಂ ಬೀಚ್ ಕೈಯಳತೆಯಲ್ಲಿ ಕಾಣುತ್ತೆ. ನಡುವೆ ಇರೋದು ಗುಡ್ಡದ ಕಾಲುದಾರಿ, ಕಲ್ಲು. ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ಹೋಗೋಕೆ ಕಾಲ್ನಡಿಗೆ ಇಲ್ಲಾ ದೋಣಿ. ರಾತ್ರಿ ಊಟ, ಕುಡಿತ ಮುಗಿಸಿ ಮೊಬೈಲ್ ಟಾರ್ಚ್‌ನಲ್ಲಿ ಈ ದಾರಿ ಹಿಡಿಯೋದು ಅಪಾಯ. ಕುಡಿದು ಕತ್ತಲಲ್ಲಿ ನೀರಿಗಿಳಿಯೋದು ಅದಕ್ಕಿಂತ ಅಪಾಯ. ರೂಮು ಯಾವ ಬೀಚ್‌ನಲ್ಲಿದೆಯೋ ರಾತ್ರಿ ಊಟ ಆ ಬೀಚ್‌ನಲ್ಲೇ ಅನ್ನೋದು ಸರಳ ಲೆಕ್ಕ. ದೂರದ ಶ್ಯಾಕ್‌ಗೆ ಮಧ್ಯಾಹ್ನ ಹೋದ್ರಾಯ್ತು.

ಮೂರನೇದು, ಸನ್ನದು. ಬಿಯರ್ ಕೊಡೋ ಜಾಗಕ್ಕೆ ಅಬಕಾರಿ ಇಲಾಖೆಯ ಸನ್ನದು ಬೇಕು. ಬಾರ್‌ಗೆ ಸಿಎಲ್-9, ವಸತಿ ಇರೋ ಹೋಟೆಲ್‌ಗೆ ಸಿಎಲ್-7. ಬಿಲ್‌ನಲ್ಲಿ ಬಿಯರ್ ಅಂತ ಬರೀದೆ ಬೇರೆ ಏನೋ ಬರೆದು ಕೊಟ್ರೆ ಅಲ್ಲಿ ಏನೋ ಸರಿಯಿಲ್ಲ ಅಂತ ಅರ್ಥ. ಊಟದ ಬಿಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು ಅನ್ನೋ ನಿಯಮ 2022ರಿಂದ ಇದೆ. ಅದನ್ನೂ ನೋಡಬಹುದು.

ಮೀನು ಕೇಳೋದು ಹೇಗೆ

ಸಮುದ್ರದ ಪಕ್ಕ ಕೂತು ತಿನ್ನೋ ಮೀನು ಆ ಸಮುದ್ರದ್ದೇ ಅಂತ ನಂಬೋದು ಸಹಜ. ಯಾವಾಗಲೂ ಹಾಗಿರಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಹೊತ್ತಲ್ಲಿ ಬಂದವರಿಗೆ ದೊಡ್ಡ ಇಸವಾಣ ತಟ್ಟೆಗೆ ಬಂತು ಅಂದ್ರೆ ಅದು ಐಸ್‌ನಲ್ಲಿ ಇಟ್ಟಿದ್ದು ಅಥವಾ ಬೇರೆ ಕಡೆಯಿಂದ ಬಂದಿದ್ದು ಇರೋ ಸಾಧ್ಯತೆಯೇ ಹೆಚ್ಚು. ಆಗ ನಾಡದೋಣಿಯವರು ತಂದ ಸಣ್ಣ ಮೀನು, ಹೊಳೆ ಮೀನು ಕೇಳೋದು ಜಾಣತನ.

ಸೀಸನ್‌ನಲ್ಲಿ ಮೆನು ಕಾರ್ಡ್ ಬದಿಗಿಟ್ಟು "ಇವತ್ತು ಯಾವ ಮೀನು ಬಂದಿದೆ?" ಅಂತ ಕೇಳಬೇಕು. ತದಡಿ ಬಂದರು ಪಕ್ಕದಲ್ಲೇ ಇದೆ. ಬಂಗುಡೆ, ಶೆಟ್ಲಿ, ಏಡಿ, ಅಘನಾಶಿನಿ ಅಳಿವೆಯ ಬಳಚು ಇವೆಲ್ಲ ಇಲ್ಲಿನವೇ. ಮೆನುವಿನಲ್ಲಿ "ಸೈಜ್ ಪ್ರಕಾರ ದರ" ಅಂತ ಇದ್ರೆ ಹುರಿಯೋಕೆ ಮುಂಚೆಯೇ ಮೀನು ನೋಡಿ, ತೂಗಿಸಿ, ದರ ಕೇಳಬೇಕು. ತಿಂದಾದ ಮೇಲೆ ಜಗಳ ಆಡೋಕೆ ಇಬ್ಬರಿಗೂ ಮುಖ ಇರಲ್ಲ.

ಬಿಲ್ ಓದೋದು

ನಾಲ್ಕು ಜನರ ಊಟ 2,400 ರೂಪಾಯಿ, ಬಿಯರ್ 600 ರೂಪಾಯಿ ಆಯ್ತು ಅನ್ನಿ. ಸಾಮಾನ್ಯ ರೆಸ್ಟೋರೆಂಟ್ ಊಟಕ್ಕೆ ಜಿಎಸ್‌ಟಿ ಶೇ 5. ಮದ್ಯ ಜಿಎಸ್‌ಟಿಯೊಳಗೆ ಬರಲ್ಲ. ಹಾಗಾಗಿ ಜಿಎಸ್‌ಟಿ 120 ರೂಪಾಯಿ ಆಗಬೇಕೇ ಹೊರತು ಒಟ್ಟು 3,000ಕ್ಕೆ 150 ಅಲ್ಲ. ಚಿಕ್ಕ ಹೋಟೆಲ್‌ಗಳು ಜಿಎಸ್‌ಟಿಯ ರಾಜಿ ಪದ್ಧತಿಯಲ್ಲಿ ಇದ್ರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡೋ ಹಾಗೇ ಇಲ್ಲ.

ಇನ್ನು ಸೇವಾ ಶುಲ್ಕ. ಇದೇ ಬಿಲ್‌ಗೆ ಶೇ 10 ಹಾಕಿದ್ರೆ 300 ರೂಪಾಯಿ. ಹೋಟೆಲ್‌ಗಳು ಇದನ್ನ ತಾವಾಗಿಯೇ ಬಿಲ್‌ಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನ ಎತ್ತಿಹಿಡಿಯಿತು. ತೆಗೀರಿ ಅಂತ ಕೇಳಬಹುದು, ತೆಗೀದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು. ಆ ದುಡ್ಡಲ್ಲಿ ಒಂದು ಪಾಲನ್ನ ಬಡಿಸಿದ ಹುಡುಗನ ಕೈಗೆ, ಇನ್ನೊಂದು ಪಾಲನ್ನ ಹಾಡಿದವನ ಜಾಡಿಗೆ ನೇರವಾಗಿ ಹಾಕಿದ್ರೆ ಅದು ಸೇರಬೇಕಾದವರಿಗೇ ಸೇರುತ್ತೆ.

ದುಡ್ಡು ಊರಲ್ಲಿ ಎಷ್ಟು ಉಳಿಯುತ್ತೆ

ಪ್ರವಾಸಿ ಎಲ್ಲಿ ಕೂತು ತಿಂತಾನೆ ಅನ್ನೋದು ಊರಿನ ಪ್ರಶ್ನೆಯೂ ಹೌದು. ಬೀಚ್‌ನಲ್ಲಿ ಊರಿನ ಕುಟುಂಬಗಳೇ ನಡೆಸೋ ಶ್ಯಾಕ್‌ಗಳಿವೆ. ಹೊರಗಿನವರಿಗೆ ಸೀಸನ್ ಲೀಸ್‌ಗೆ ಕೊಟ್ಟವೂ ಇವೆ. ಕೊಟ್ಟವರಿಗೆ ಸಿಗೋದು ಲೀಸ್ ದುಡ್ಡು, ಲಾಭ ಹೋಗೋದು ಊರ ಹೊರಗೆ. ಹಾಗಂತ ಲೀಸ್ ಪಡೆದವನಿಗೂ ನೆಮ್ಮದಿ ಇಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಇರೋದ್ರಿಂದ ತೀರದಲ್ಲಿ ಗಟ್ಟಿ ಕಟ್ಟಡ ಕಟ್ಟೋ ಹಾಗಿಲ್ಲ, ತಾತ್ಕಾಲಿಕ ಅಂತ ಹಾಕಿದ್ದನ್ನೂ ತೆಗೀರಿ ಅಂತ ನೋಟಿಸು ಬರಬಹುದು. ನಾಳೆ ಇರ್ತೀವೋ ಇಲ್ವೋ ಅನ್ನೋ ಜಾಗದಲ್ಲಿ ಯಾರೂ ಶಬ್ದ ತಡೆಯೋ ಗೋಡೆಗೆ, ಒಳ್ಳೆ ಶೌಚಾಲಯಕ್ಕೆ ದುಡ್ಡು ಹಾಕಲ್ಲ. ಈ ಸೀಸನ್‌ನಲ್ಲೇ ಎಷ್ಟು ಬಾಚಬಹುದೋ ಅಷ್ಟು ಬಾಚೋಣ ಅನ್ನೋ ಮನಸ್ಥಿತಿ ಬರೋದು ಇದರಿಂದಲೇ.

ಪಕ್ಕದ ಗೋವಾದಲ್ಲಿ ಸರ್ಕಾರವೇ ಶ್ಯಾಕ್ ನೀತಿ ಮಾಡಿ, ಅರ್ಜಿ ಕರೆದು, ಸೀಸನ್‌ಗೆ ಅಂತ ಜಾಗ ಹಂಚುತ್ತೆ. ಅಲ್ಲೂ ಜಗಳ, ದೂರು ತಪ್ಪಿಲ್ಲ. ರಾತ್ರಿ ಹತ್ತರ ನಿಯಮ ಅಲ್ಲಿಗೂ ಇದೆ. ಆದ್ರೆ ಯಾರಿಗೆ ಯಾವ ಜಾಗ, ಎಷ್ಟು ಕಾಲ ಅನ್ನೋದಾದ್ರೂ ಕಾಗದದಲ್ಲಿರುತ್ತೆ.

ಮೆನು ಕಡೆಗೂ ಇದೇ ಲೆಕ್ಕ. ಬೀಚ್‌ನ ಶ್ಯಾಕ್‌ಗಳಲ್ಲಿ ಹಮ್ಮಸ್, ಫಲಾಫೆಲ್, ಪಿಜ್ಜಾ, ಪಾಸ್ತಾ ಸಿಗುತ್ತೆ. ಮೀನು ಸಾರು, ಕುಚ್ಚಲಕ್ಕಿ ಅನ್ನ ಹುಡುಕಬೇಕು. ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತರೋ ಸೊಪ್ಪು, ತರಕಾರಿ, ಕುಮಟಾದ ಸಿಹಿ ಈರುಳ್ಳಿ, 2023ರಲ್ಲಿ ಜಿಐ ಮಾನ್ಯತೆ ಪಡೆದ ಅಂಕೋಲಾದ ಕರಿ ಇಶಾಡ ಮಾವು ಇವೆಲ್ಲ ಕೂಗಳತೆಯಲ್ಲಿ ಇದ್ದರೂ ಶ್ಯಾಕ್ ಮೆನುವಿಗೆ ಬರೋದು ಅಪರೂಪ. ಪ್ರವಾಸಿ ಕೇಳಲ್ಲ ಅಂತ ಮಾಲೀಕ ಮಾಡಲ್ಲ, ಮೆನುವಿನಲ್ಲಿ ಇಲ್ಲ ಅಂತ ಪ್ರವಾಸಿ ಕೇಳಲ್ಲ. ಮಧ್ಯಾಹ್ನದ ಊಟವನ್ನಾದ್ರೂ ಪೇಟೆ ಕಡೆ ಮಾಡಿದ್ರೆ ಈ ಗಂಟು ಸ್ವಲ್ಪ ಸಡಿಲ ಆಗುತ್ತೆ. ರಥಬೀದಿ ಸುತ್ತ ಸಸ್ಯಾಹಾರಿ ಊಟ, ಪೇಟೆಯಿಂದ ಸ್ವಲ್ಪ ಆಚೆ ಹೋದ್ರೆ ಮೀನೂಟದ ಚಿಕ್ಕ ಹೋಟೆಲ್‌ಗಳು ಸಿಗ್ತಾವೆ. ಅಲ್ಲಿ ಲೈಟಿನ ಸರ ಇರಲ್ಲ, ಸ್ಟಾರೂ ಜಾಸ್ತಿ ಇರಲ್ಲ. ಬಡಿಸೋರೇ ಮನೆಯವರು.

ಸಂಜೆಗೆ ಸರಿದ್ರೆ ಎಲ್ಲರಿಗೂ ಲಾಭ

ಡಿಸೆಂಬರ್ ಕೊನೆಯಲ್ಲಿ ಗೋಕರ್ಣದಲ್ಲಿ ಸೂರ್ಯ ಮುಳುಗೋದು ಆರು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ. ಅಲ್ಲಿಂದ ಹತ್ತರವರೆಗೆ ಹತ್ತಿರ ಹತ್ತಿರ ನಾಲ್ಕು ಗಂಟೆ ಇದೆ. ಅನುಮತಿ ಪಡೆದು, ಶಬ್ದ ಮಿತಿಯಲ್ಲಿಟ್ಟು ಹಾಡು ನಡೆಸೋಕೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಸೂರ್ಯಾಸ್ತ ನೋಡಿದವರು ಸ್ನಾನಕ್ಕೆ ಅಂತ ರೂಮಿಗೆ ಹೋಗದೆ ಅಲ್ಲೇ ಕೂತ್ರೆ ಅಡುಗೆ ಮನೆಗೆ ಒಂದೇ ಸಲ ಒತ್ತಡ ಬೀಳಲ್ಲ, ಮೀನು ಖಾಲಿ ಆಗೋದಕ್ಕೆ ಮುಂಚೆ ಸಿಗುತ್ತೆ, ಹಾಡುಗಾರನಿಗೆ ಪೂರ್ತಿ ಸಂಜೆಯ ಕೆಲಸ ಸಿಗುತ್ತೆ. ಹತ್ತಕ್ಕೆ ಸ್ಪೀಕರ್ ಬಂದ್ ಆದ್ರೂ ಯಾರಿಗೂ ಮೋಸ ಆದ ಹಾಗೆ ಅನ್ನಿಸಲ್ಲ.

"ಗಿರಾಕಿ ಬರೋದೇ ಒಂಬತ್ತಕ್ಕೆ, ನಾವೇನು ಮಾಡೋಣ" ಅನ್ನೋದು ಮಾಲೀಕರ ಕಡೆಯ ವಾದ. ಅದರಲ್ಲಿ ಹುರುಳಿದೆ. ಆದ್ರೆ ಸಂಜೆ ಏಳಕ್ಕೆ ಹಾಡು ಇದೆ ಅಂತ ಗಿರಾಕಿಗೆ ಗೊತ್ತಾಗಬೇಕಲ್ಲ? ಬೋರ್ಡಿನಲ್ಲಿ "ಲೈವ್ ಮ್ಯೂಸಿಕ್" ಅಂತ ಮಾತ್ರ ಇರುತ್ತೆ, ಹೊತ್ತು ಬರೆದಿರಲ್ಲ. ಗೂಗಲ್ ಪುಟದಲ್ಲಿ ಮುಚ್ಚೋ ಸಮಯ 11 ಅಂತಿದ್ರೆ ಹಾಡೂ 11ರವರೆಗೆ ಇದೆ ಅಂತ ಬಂದವನು ತಿಳ್ಕೊಳ್ತಾನೆ. "ಹಾಡು 6:30ರಿಂದ 9:30" ಅಂತ ಒಂದು ಸಾಲು ಬರೆದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಖರ್ಚಿಲ್ಲದ ಕೆಲಸ ಇದು.

ಆಡಳಿತ ಮಾಡಬಹುದಾದ್ದೂ ದೊಡ್ಡದೇನಲ್ಲ. ಓಂ ಬೀಚ್ ಪಾರ್ಕಿಂಗ್ ಮತ್ತು ಕುಡ್ಲೆ ಮೆಟ್ಟಿಲ ಹತ್ತಿರ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಹತ್ತು ಗಂಟೆಯ ನಿಯಮ ಬರೆದ ದೊಡ್ಡ ಫಲಕ ಹಾಕಬಹುದು. ಸೀಸನ್ ಶುರುವಾಗೋ ಮುಂಚೆ ಮಾಲೀಕರು, ಊರವರು, ಪೊಲೀಸರನ್ನ ಒಂದು ಕಡೆ ಕೂರಿಸಿ ಯಾರಿಗೆ ಅನುಮತಿ ಇದೆ, ಎಷ್ಟು ಹೊತ್ತು ಅನ್ನೋ ಪಟ್ಟಿ ಮಾಡಬಹುದು. ಡಿಸೆಂಬರ್ 31ರ ರಾತ್ರಿ ಮಾತ್ರ ಜೀಪು ಓಡಿಸಿ ಜನವರಿ 2ಕ್ಕೆ ಮರೆಯೋದು ಯಾರಿಗೂ ಉಪಯೋಗಕ್ಕೆ ಬರಲ್ಲ. ಒಬ್ಬರ ಸ್ಪೀಕರ್ ಹತ್ತಕ್ಕೆ ಬಂದ್, ಇನ್ನೊಬ್ಬರದ್ದು ಹನ್ನೆರಡಕ್ಕೂ ಚಾಲೂ ಅಂತಾದ್ರೆ ನಿಯಮ ಪಾಲಿಸಿದವರೇ ನಷ್ಟ ತಿಂತಾರೆ. ಮುಂದಿನ ವರ್ಷ ಅವರೂ ಪಾಲಿಸಲ್ಲ.

ಪ್ರವಾಸಿಗರ ಪಾಲಿನ ಕೆಲಸ ಇದಕ್ಕಿಂತ ಸುಲಭ. ಹೋಗೋ ದಿನ ಮಧ್ಯಾಹ್ನವೇ ಶ್ಯಾಕ್‌ಗೆ ಒಂದು ಫೋನ್ ಮಾಡಿ ಮೂರು ಪ್ರಶ್ನೆ ಕೇಳಬೇಕು: ಹಾಡು ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತೆ? ಇವತ್ತು ಯಾವ ಮೀನು? ರಾತ್ರಿ ವಾಪಸ್ ಬರೋಕೆ ಆಟೊ ಸಿಗುತ್ತಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದ್ರೆ ಸಂಜೆ ಆರಕ್ಕೆ ಹೋಗಿ ಕೂರಬಹುದು. ಹತ್ತಕ್ಕೆ ಸರಿಯಾಗಿ ಹಾಡು ನಿಲ್ಲಿಸಿದ ಶ್ಯಾಕ್‌ಗೆ ಮರುದಿನ ಸ್ಟಾರ್ ಕೊಡೋವಾಗ ಅದನ್ನೂ ಒಂದು ಸಾಲು ಬರೆದ್ರೆ, ಮುಂದೆ ಬರೋರಿಗೂ ಯಾವ ಹೊತ್ತಿಗೆ ಬರಬೇಕು ಅಂತ ಗೊತ್ತಾಗುತ್ತೆ.